ಕಾಲುವೆ ತುದಿಯ ಬೂದಿ

ಕಂತು ಒಂಬತ್ತು

"ಓದಿ ಅಧ್ಯಕ್ಷರೇ. ಕಣ್ಣಿದ್ರೆ ಓದಿ."

ಬೆರಿಲ್ ಹಿಂಚ್ಲಿಫ್ ಹಸಿರು ರಟ್ಟಿನ ಪುಸ್ತಕವನ್ನು ಮೇಜಿನ ಮೇಲೆ ಕುಕ್ಕಿದ ರಭಸಕ್ಕೆ ಚಹಾ ತುಳುಕಿ ಸಾಸರಿಗೆ ಬಿತ್ತು. ಕ್ಲಬ್ಬಿನ ಕೋಣೆಯಲ್ಲಿ ಕುರ್ಚಿ ಜೋಡಿಸುತ್ತಿದ್ದ ಮೂರ್ನಾಲ್ಕು ಜನ ಕೈ ನಿಲ್ಲಿಸಿ ತಿರುಗಿ ನೋಡಿದರು. ಅವಳ ಸಿಟ್ಟು ಕ್ಲೆದರ್‌ಬಿ ಊರಿಗೆ ಹೊಸದಲ್ಲ. ಇಪ್ಪತ್ತೆಂಟು ವರ್ಷ ಪೊಲೀಸ್ ಸಾರ್ಜೆಂಟ್ ಆಗಿದ್ದವಳು, ನಿವೃತ್ತಿಯಾದ ಮೇಲೆ ಮೈದಾನದ ತಿರುಗು ಗೇಟಿನಲ್ಲಿ ಕೂತು ಟಿಕೆಟ್ ಹರಿಯುವವಳು. ಕುಡಿದು ಬಂದವರನ್ನು ಕಾಲರ್ ಹಿಡಿದು ರಸ್ತೆಗೆ ದಬ್ಬಿದ್ದನ್ನು ಎಲ್ಲರೂ ನೋಡಿದ್ದಾರೆ. ಅಧ್ಯಕ್ಷರ ಚಹಾ ಚೆಲ್ಲಿದ್ದು ಮಾತ್ರ ಇದೇ ಮೊದಲು.

ಭಾನುವಾರ ಬೆಳಗ್ಗೆ ಹತ್ತೂಕಾಲು. ಹನ್ನೆರಡಕ್ಕೆ ಸದಸ್ಯರ ಸಭೆ. ಸಭೆಯಲ್ಲಿ ಕೈ ಎತ್ತಿಸಿ, ಕ್ಲೆದರ್‌ಬಿ ಟೌನ್ ಫುಟ್‌ಬಾಲ್ ಕ್ಲಬ್ಬಿನ ಮೈದಾನವನ್ನು ಗೋದಾಮು ಕಟ್ಟುವವರಿಗೆ ಮಾರಿ, ಬದಲಿಗೆ ಬೇರೆ ಕಡೆ ಹೊಸ ಮೈದಾನ ಕೊಡಿಸುತ್ತೇನೆಂದು ಹೇಳಿ ಕೈ ತೊಳೆದುಕೊಳ್ಳುವುದು ಅಧ್ಯಕ್ಷ ಜೂಲಿಯನ್ ಗಾರ್ಸೈಡನ ಯೋಚನೆ.

ಈ ಗಾರ್ಸೈಡ್ ಬೇರೆ ಯಾರೂ ಅಲ್ಲ. 1921ರಲ್ಲಿ ಈ ಹೊಲವನ್ನು ಕ್ಲಬ್ಬಿಗೆ ಬಿಟ್ಟುಕೊಟ್ಟ ಗಿರಣಿ ಯಜಮಾನತಿ ಹೆಸ್ಟರ್ ಗಾರ್ಸೈಡಳ ಮರಿಮಗ. ಮುತ್ತಜ್ಜಿ ಕೊಟ್ಟದ್ದನ್ನು ಮರಿಮಗ ಮಾರಲು ಹೊರಟಿದ್ದ. ಆಕೆ ಬರೆದುಕೊಟ್ಟ ದಾನಪತ್ರ ಸಿಕ್ಕಿದ್ದರೆ ಮಾರಾಟದ ಮಾತೇ ಏಳುತ್ತಿರಲಿಲ್ಲ ಎಂದು ಊರೆಲ್ಲ ನಂಬಿತ್ತು. ಆದರೆ ಕ್ಲಬ್ಬಿನ ಚರಿತ್ರೆ ಬರೆಯುತ್ತಿದ್ದ ಸಿರಿಲ್ ಆಕ್ರಾಯ್ಡ್ ಆ ಪತ್ರದ ಜಾಡು ಹಿಡಿದ ಮರುದಿನವೇ, ಶನಿವಾರದ ಪಂದ್ಯ ನಡೆಯುತ್ತಿರುವಾಗಲೇ, ಅವನ ಚರಿತ್ರೆ ಕೋಣೆಗೆ ಬೆಂಕಿ ಬಿದ್ದಿತ್ತು. ಎಂಟು ದಿನದಿಂದ ಸಿರಿಲ್ ಗಂಟಲಿಗೆ ಕೊಳವೆ ಹಾಕಿಸಿಕೊಂಡು ಆಸ್ಪತ್ರೆಯಲ್ಲಿ ಮಲಗಿದ್ದಾನೆ.

"ಏನಿದು ಬೆರಿಲ್ ಅವರೇ?" ಗಾರ್ಸೈಡ್ ಕರವಸ್ತ್ರದಿಂದ ಮೇಜು ಒರೆಸಿದ.

"ಬೂದಿ ಪುಸ್ತಕ. ನಲವತ್ತೊಂದು ಹೆಸರಿದೆ. ಈ ಟೌನಿಗಾಗಿ ಮಳೇಲಿ, ಹಿಮದಲ್ಲಿ ನಿಂತು ಗಂಟಲು ಹರ್ಕೊಂಡವರು. ಸತ್ತ ಮೇಲೆ ಚರ್ಚು ಬೇಡ, ಗೋಲಿನ ಹತ್ರಾನೇ ಇಡಿ ಅಂತ ಬರೆಸಿ ಹೋದವರು. ಇವರ ತಲೆ ಮೇಲೆ ಲಾರಿ ನಿಲ್ಲಿಸ್ತೀರಾ?"

ಗಾರ್ಸೈಡ್ ಪುಟ ತಿರುಗಿಸಿದ. ಅವನ ಮುಖದಲ್ಲಿ ನಾಚಿಕೆ ಇರಲಿಲ್ಲ, ಸಿಟ್ಟೂ ಇರಲಿಲ್ಲ.

"ತಾರೀಖೆಲ್ಲ ಬರೆದಿದ್ದೀರಾ?"

"ದಿನ, ಗಂಟೆ, ಯಾರು ಯಾರು ಬಂದಿದ್ರು, ಎಲ್ಲಾ ಇದೆ. ನನ್ನದೇ ಕೈಬರಹ."

"ಮೊದಲನೆಯವರು?"

"ಅರ್ನೆಸ್ಟ್ ಹಿಂಚ್ಲಿಫ್. ನಮ್ಮಪ್ಪ. ಹತ್ತೊಂಬತ್ತು ವರ್ಷ ಈ ಟೀಮಿನ ಗೋಲ್‌ಕೀಪರ್. ಕಾಲುವೆ ತುದಿ ಗೋಲಿನ ಬಾಯಲ್ಲಿದ್ದಾರೆ."

"ಚೆಲ್ಲಿದ್ರಾ? ಹೂತಿದ್ರಾ?"

"ಚೆಲ್ಲಕ್ಕೆ ಅದೇನು ಉಪ್ಪಾ?" ಬೆರಿಲಳ ದನಿ ಏರಿತು. "ಅವರು ಕೈಗವಸು ಇಟ್ಕೋತಿದ್ದ ಟಾಫಿ ಡಬ್ಬೀಲಿ ತುಂಬಿ, ಎರಡು ಅಡಿ ಆಳ ಅಗೆದು, ನನ್ನ ಕೈಯಾರೆ ಹೂತಿದ್ದೀನಿ. ಆಮೇಲಿನವರನ್ನ ಹಾಗೇ ಮಣ್ಣಿಗೆ ಸುರಿದ್ವಿ. ಅಪ್ಪನಿಗೆ ಮಾತ್ರ ಡಬ್ಬಿ. ಸಾಕಾ? ಇನ್ನೇನಾದ್ರೂ ಕೇಳಬೇಕಾ?"

"ಇಲ್ಲ. ಸಾಕು." ಗಾರ್ಸೈಡ್ ಪುಸ್ತಕ ಮುಚ್ಚಿ ಅದರ ಮೇಲೆ ಕೈ ಇಟ್ಟ. "ಇದನ್ನ ಸಭೆ ತನಕ ನನ್ನ ಹತ್ರ ಬಿಟ್ಟಿರ್ತೀರಾ? ಪೂರ್ತಿ ಓದಬೇಕು ಅನ್ನಿಸ್ತಿದೆ."

"ಓದಿ. ಸದಸ್ಯರಿಗೂ ಗಟ್ಟಿಯಾಗಿ ಓದಿ ಹೇಳಿ. ಆಮೇಲೂ ಯಾರ ಕೈ ಮೇಲೇಳುತ್ತೋ ನಾನೂ ನೋಡ್ತೀನಿ."

ಗೆದ್ದೆ ಎಂಬ ಬಿಸಿಯಲ್ಲಿ ಅವಳು ಬಾಗಿಲು ದಡಾರನೆ ಎಳೆದುಕೊಂಡು ಹೊರಬಂದಳು.

*

ಹೊರಗೆ ಮಾರ್ಚ್ ತಿಂಗಳ ತಣ್ಣನೆ ಗಾಳಿ. ಮೈದಾನ ಎಂದಿನಂತೆ ಕಾಲುವೆ ಕಡೆಗೆ ವಾಲಿಕೊಂಡು ಬಿದ್ದಿತ್ತು. ಪುಟ್ಟ ಚರ್ಚಿನ ಪಕ್ಕದ ಚಾಪೆಲ್ ತುದಿಯಿಂದ ಕಾಲುವೆ ತುದಿಗೆ ಒಂದಾಳು ಎತ್ತರ ಇಳಿಜಾರು. ಬೇರೆ ಊರಿನವರು ಬಂದು ಇದೇನು ಮೈದಾನವೋ ಮನೆಯ ಸೂರೋ ಎಂದು ನಗುತ್ತಾರೆ. ನಗಲಿ. ಆ ಇಳಿಜಾರನ್ನು ಬೆನ್ನಿಗೆ ಕಟ್ಟಿಕೊಂಡೇ ಟೌನ್ ನೂರು ವರ್ಷ ಆಡಿದೆ.

ಎಂಟು ದಿನದಿಂದ ಬೆರಿಲ್ ಒಂದೇ ವಿಷಯವನ್ನು ಅಗಿಯುತ್ತಿದ್ದಳು. ಪಂದ್ಯದ ಎರಡನೇ ಅರ್ಧದಲ್ಲಿ, ಕಾಲುವೆ ತುದಿಯ ಸ್ಟ್ಯಾಂಡಿನ ಕೆಳಗಿನ ಆ ಕೋಣೆಗೆ ಹೋದವರು ಯಾರು?

ಗಾರ್ಸೈಡ್ ಅಲ್ಲ. ಎದುರಾಳಿ ಕ್ಲಬ್ಬಿನವರ ಜೊತೆ ಬೆಂಚಿನ ಮೇಲೆ ಇಡೀ ಪಂದ್ಯ ಕೂತಿದ್ದ, ಎಲ್ಲರ ಕಣ್ಣೆದುರು. ಸಿರಿಲ್ ಜೊತೆ ಎರಡು ವರ್ಷದಿಂದ ಮಾತು ಬಿಟ್ಟಿದ್ದ ಮೈದಾನದ ಮಾಲಿಯೂ ಅಲ್ಲ. ಲೈನ್ಸ್‌ಮನ್ ಒಬ್ಬ ಬಂದಿರಲಿಲ್ಲವೆಂದು ಮಾಲಿಯ ಕೈಗೇ ಬಾವುಟ ಕೊಟ್ಟಿದ್ದರು. ಹೊಗೆ ಏಳುವ ತನಕ ಗೆರೆಯುದ್ದಕ್ಕೂ ಓಡಿ ಎರಡೂ ಕಡೆಯವರಿಂದ ಬೈಸಿಕೊಂಡಿದ್ದ.

ಇನ್ನೂ ಎರಡು ಗಂಟುಗಳಿದ್ದವು. ಸಿರಿಲ್ ಸಿಕ್ಕಿದ್ದು ಕೋಣೆಯೊಳಗಲ್ಲ, ಹೊರಗಿನ ಮೆಟ್ಟಿಲ ಮೇಲೆ. ಕೋಟಿನ ಕಾಲರ್ ಹಿಗ್ಗಿತ್ತು, ಯಾರೋ ಹಿಡಿದು ಎಳೆದು ತಂದಿದ್ದರು. ಅಗ್ನಿಶಾಮಕದವರಿಗೆ ಹೆಸರು ಹೇಳದೆ ಫೋನ್ ಮಾಡಿದವರು ಆಟಗಾರರು ಬಟ್ಟೆ ಬದಲಿಸುವ ಕೋಣೆಯ ಫೋನಿನಿಂದ ಮಾಡಿದ್ದರು. ಬೆಂಕಿ ಇಟ್ಟವನು ಮನುಷ್ಯನನ್ನು ಎಳೆದು ತಂದು ಉಳಿಸುತ್ತಾನೆಯೇ? ಉಳಿಸಿದವನು ಬಾಯಿ ಮುಚ್ಚಿ ಕೂರುತ್ತಾನೆಯೇ?

ಆ ದಿನ ತಾನೇ ಮೈದಾನದೊಳಗಿದ್ದಿದ್ದರೆ ಎಂದು ಬೆರಿಲ್ ತನ್ನನ್ನು ತಾನೇ ಬೈದುಕೊಂಡಳು. ಆದರೆ ಅವಳಿಗೆ ಟೌನ್ ಆಡುವುದನ್ನು ನೋಡುವ ಎದೆಗಾರಿಕೆ ಇಲ್ಲ. ಗೇಟಿನ ಪೆಟ್ಟಿಗೆಯೊಳಗೇ ಕೂತು, ಕೂಗಾಟ ಕೇಳಿ ಯಾರು ಗೋಲು ಹೊಡೆದರೆಂದು ಊಹಿಸುವುದು ಅವಳ ರೂಢಿ.

"ಒಂದು ಪೈ ತಿನ್ನು ಬಾರೇ," ಚಹಾ ಗೂಡಿನಿಂದ ಐವಿ ಕರೆದಳು. ಐವಿಗೆ ಎಪ್ಪತ್ತು. ಗೂಡು ಇರುವುದು ಕಾಲುವೆ ತುದಿಯಲ್ಲಿ, ಗೋಲಿನಿಂದ ಇಪ್ಪತ್ತು ಹೆಜ್ಜೆ ಹಿಂದೆ. ಅವಳ ಗಂಡ ಸ್ಟಾನ್ಲಿ ಬೂದಿ ಪುಸ್ತಕದಲ್ಲಿ ಹದಿನೇಳನೆಯವನು. ಬಿಡುವಾದಾಗ ಕಿಟಕಿಯಿಂದ ಬಗ್ಗಿ ಅವನ ಜೊತೆ ಮಾತಾಡುತ್ತಾಳೆ.

"ಹಸಿವಿಲ್ಲ ಐವಿ."

"ಹಸಿವಿಲ್ದಿದ್ರೂ ತಿನ್ನು. ಹೋದ ವಾರದ್ದು, ಡೀಪ್ ಫ್ರೀಜಲ್ಲಿಟ್ಟಿದ್ದೆ. ಮೂವತ್ತು ಉಳಿದುಹೋಗಿತ್ತು. ಹದಿನೆಂಟು ವರ್ಷದಲ್ಲಿ ಮೂವತ್ತು ಪೈ ಯಾವತ್ತೂ ಉಳಿದಿಲ್ಲ."

"ಬೆಂಕಿ ಗಲಾಟೇಲಿ ಯಾರು ತಿಂತಾರೆ?"

"ಬೆಂಕಿ ಬಿದ್ದಿದ್ದು ನಾಲ್ಕು ಹತ್ತಕ್ಕೆ ಕಣೇ. ನಾನು ಹೇಳ್ತಿರೋದು ಅದಕ್ಕೂ ಮುಂಚೆ. ಅರ್ಧ ಆಟ ಆದ್ಮೇಲೆ ಒಂದು ನರಪಿಳ್ಳೆ ನನ್ನ ಗೂಡಿನ ಹತ್ರ ಇರಲಿಲ್ಲ. ಆ ಎದುರಾಳಿ ಕ್ಯಾಪ್ಟನ್ ಇದ್ದನಲ್ಲ, ಕೆಂಪು ತಲೆಯವನು. ಟಾಸ್ ಗೆದ್ದವನು ನಮ್ಮವರನ್ನ ತಿರುಗಿಸಿ ನಿಲ್ಲಿಸಿಬಿಟ್ಟ. ದರಿದ್ರದವನು."

ಬೆರಿಲ್ ಕೈಯಲ್ಲಿದ್ದ ಪೈ ಹಾಗೇ ನಿಂತಿತು.

ಟೌನ್ ಯಾವಾಗಲೂ ಇಳಿಜಾರನ್ನು ಎರಡನೇ ಅರ್ಧಕ್ಕೆ ಉಳಿಸಿಕೊಳ್ಳುತ್ತದೆ. ಮೊದಲರ್ಧ ಏರು, ಆಮೇಲೆ ಕಾಲುವೆ ಕಡೆಗೆ ಇಳಿಜಾರು. ಟೌನ್ ಯಾವ ಗೋಲಿಗೆ ಹೊಡೆಯುತ್ತದೋ ಆ ಗೋಲಿನ ಹಿಂದೆ ನಿಲ್ಲುವುದು ಅಭಿಮಾನಿಗಳ ರೂಢಿ. ಮಧ್ಯಂತರದ ಸೀಟಿ ಬಿದ್ದದ್ದೇ ತಡ, ಇನ್ನೂರು ಮುನ್ನೂರು ಜನ ಲೋಟ ಹಿಡಿದು ಬೇಲಿಗುಂಟ ಮೆರವಣಿಗೆ ಹೊರಟು ಚಾಪೆಲ್ ತುದಿಯಿಂದ ಕಾಲುವೆ ತುದಿಗೆ ಬರುತ್ತಾರೆ. ಆ ಶನಿವಾರ ಎಲ್ಲ ಉಲ್ಟಾ ಆಗಿತ್ತು. ಮೊದಲರ್ಧ ಕಾಲುವೆ ತುದಿಯಲ್ಲಿ ನಿಂತವರು ಎರಡನೇ ಅರ್ಧಕ್ಕೆ ಚಾಪೆಲ್ ತುದಿಗೆ ಹೋಗಿದ್ದರು.

"ಎರಡನೇ ಅರ್ಧದಲ್ಲಿ ಈ ತುದೀಲಿ ಒಬ್ರೂ ಇರಲಿಲ್ವಾ? ಸರಿಯಾಗಿ ನೆನಪಿಸ್ಕೊಂಡು ಹೇಳು."

"ನಾನಿದ್ದೆ, ನಮ್ಮ ಸ್ಟಾನ್ಲಿ ಇದ್ದ. ನಮ್ಮ ಗೋಲ್‌ಕೀಪರ್ ಇದ್ದ, ಪಾಪ, ಚಳೀಲಿ ಕುಣೀತಿದ್ದ." ಐವಿ ಗೋಲಿನ ಕಡೆ ಗಲ್ಲ ಚಾಚಿದಳು. "ಅಂದಹಾಗೆ, ಸೋಮವಾರ ನಾರ್ಮನ್ ಬಂದು ಗೋಲಿನ ಬಾಯಿಗೆ ಹುಲ್ಲು ಹೊದಿಸ್ತಿದ್ದ. ಜೆರ್ಸಿ ಒಗೆಯೋನಿಗೆ ಹುಲ್ಲಿನ ಉಸಾಬರಿ ಯಾಕಂತ? ಮಾಲಿಗೆ ಗೊತ್ತಾದ್ರೆ ಕುಣೀತಾನೆ."

ಹುಲ್ಲಿನ ಮಾತು ಬೆರಿಲಳ ಕಿವಿಗೆ ಬೀಳಲಿಲ್ಲ. ಅವಳಾಗಲೇ ಕೈಚೀಲ ತಡಕಿ, ಹಳೇ ಸ್ನೇಹಕ್ಕೆ ಠಾಣೆಯ ಹುಡುಗ ಕೊಟ್ಟಿದ್ದ ಹೇಳಿಕೆಗಳ ನಕಲನ್ನು ಬಿಡಿಸುತ್ತಿದ್ದಳು. ಆ ಕಾನ್ಸ್‌ಟೇಬಲ್ ರಗ್ಬಿ ನೋಡುವವನು, ಹೇಳಿದ್ದನ್ನು ಹೇಳಿದ ಹಾಗೇ ಬರೆದುಕೊಂಡಿದ್ದ.

ನಾರ್ಮನ್ ಸಗ್ಡನ್, ಎಪ್ಪತ್ತಾರು ವರ್ಷ, ಕ್ಲಬ್ಬಿನ ಜೆರ್ಸಿ ಮತ್ತು ಬೂಟುಗಳ ಉಸ್ತುವಾರಿ. "ಮೊದಲರ್ಧ ಪೂರ್ತಿ ಒಳಗೆ ಹರಿದ ಜೆರ್ಸಿ ಹೊಲೀತಿದ್ದೆ. ಎರಡನೇ ಅರ್ಧ ಪೂರ್ತಿ ಕಾಲುವೆ ತುದಿಯಲ್ಲಿ, ಗೋಲಿನ ಹಿಂದೆ, ನಮ್ಮವರೆಲ್ಲರ ಜೊತೆ ನಿಂತಿದ್ದೆ. ಹೊಗೆ ಕಂಡಿದ್ದು ಎಲ್ಲರಿಗಿಂತ ಆಮೇಲೆ."

ಅವಳು ಆ ಸಾಲನ್ನು ಎರಡು ಸಲ ಓದಿದಳು. ಆರು ದಶಕ ಒಂದೇ ಜಾಗದಲ್ಲಿ ನಿಂತವನು. ಸುಳ್ಳು ಹೇಳುವಾಗಲೂ ಅವನ ಬಾಯಿಗೆ ಆ ಜಾಗವೇ ಬಂದಿತ್ತು. ಟಾಸ್ ತಿರುಗಿದ್ದು ಒಳಗೆ ಕೂತು ಹೊಲಿಯುತ್ತಿದ್ದವನಿಗೆ ಗೊತ್ತಾಗಿರಲಿಲ್ಲ.

ನಾರ್ಮನ್ ಅಂಕಲ್. ಅಪ್ಪನ ಜೀವದ ಗೆಳೆಯ. ಇವಳು ಐದು ವರ್ಷದವಳಿದ್ದಾಗ ಹೆಗಲ ಮೇಲೆ ಕೂರಿಸಿಕೊಂಡು ಮಧ್ಯಂತರದ ಮೆರವಣಿಗೆಯಲ್ಲಿ ನಡೆದವನು. ಅಪ್ಪನ ಬೂದಿಗೆ ಸಲಿಕೆ ತಂದವನು.

ಬೆರಿಲ್ ಪೈಯನ್ನು ಗೂಡಿನ ಕಟ್ಟೆ ಮೇಲೆ ಬಿಸಾಕಿ ನಡೆದಳು.

*

ಕಿಟ್ ಕೋಣೆಯಲ್ಲಿ ಒದ್ದೆ ಬಟ್ಟೆಯ, ನೋವೆಣ್ಣೆಯ ವಾಸನೆ. ನಾರ್ಮನ್ ಸಗ್ಡನ್ ಮರದ ಪೀಠದ ಮೇಲೆ ಕೂತು ಬೂಟಿನ ಮಣ್ಣು ಕೆರೆಯುತ್ತಿದ್ದ. ಗೋಡೆಯುದ್ದಕ್ಕೂ ನೀಲಿ ಜೆರ್ಸಿಗಳು ನಂಬರಿನ ಪ್ರಕಾರ ಮಡಚಿ ಕೂತಿದ್ದವು.

"ಬಾ ಮಗಳೇ. ಸಭೆಗೆ ಇನ್ನೂ ಟೈಮಿದೆಯಲ್ಲ."

ಬೆರಿಲ್ ಬಾಗಿಲು ಹಾಕಿ ಅದಕ್ಕೆ ಬೆನ್ನು ಕೊಟ್ಟು ನಿಂತಳು.

"ಹೋದ ಶನಿವಾರ ಎರಡನೇ ಅರ್ಧ ಎಲ್ಲಿದ್ರಿ ಅಂಕಲ್?"

"ಹೇಳಿದ್ನಲ್ಲ ಆ ಪೊಲೀಸ್ ಹುಡುಗನಿಗೆ. ಕಾಲುವೆ ತುದೀಲಿ."

"ಯಾರ ಜೊತೆ?"

"ಎಲ್ಲರ ಜೊತೆ. ಎಂದಿನ ಹಾಗೆ."

"ನಮ್ಮವರ ಗೋಲು ನೋಡಿದ್ರಾ?"

"ನನ್ನ ಮೂಗಿನ ಕೆಳಗೇ ಬಿತ್ತು. ಒಳ್ಳೆ ಹೆಡರ್ರು."

"ಆ ಗೋಲು ಚಾಪೆಲ್ ತುದೀಲಿ ಬಿತ್ತು," ಎಂದಳು ಬೆರಿಲ್. "ಅವರ ಕ್ಯಾಪ್ಟನ್ ನಮ್ಮವರನ್ನ ತಿರುಗಿಸಿದ್ದ. ಎರಡನೇ ಅರ್ಧಕ್ಕೆ ಇಡೀ ಊರು ಆ ತುದೀಲಿತ್ತು. ಕಾಲುವೆ ತುದೀಲಿ ಇದ್ದಿದ್ದು ಐವಿ, ಅವಳ ಪೈಗಳು, ಮತ್ತೆ ಸಿರಿಲ್ ಕೋಣೆಗೆ ಹೋದ ನೀನು."

ಅರವತ್ತೆರಡು ವರ್ಷದಲ್ಲಿ ಅವಳು ಅವನನ್ನು ನೀನು ಎಂದದ್ದು ಅದೇ ಮೊದಲು. ಬೂಟು ಕೆರೆಯುವ ಕೈ ನಿಂತಿತು.

"ತಿರುಗಿಸಿದ್ದನಾ," ಎಂದ ನಾರ್ಮನ್. "ನನಗೆ ಯಾರೂ ಹೇಳಲಿಲ್ಲ."

"ಎಷ್ಟಕ್ಕೆ ಮಾರ್ಕೊಂಡೆ? ಗಾರ್ಸೈಡ್ ಏನು ಕೊಟ್ಟ? ಹೊಸ ಮೈದಾನದಲ್ಲಿ ಒಳ್ಳೆ ಕೋಣೆ ಕೊಡ್ತೀನಿ ಅಂದ್ನಾ? ನಿನ್ನ ಹೆಸರಲ್ಲಿ ಸ್ಟ್ಯಾಂಡ್ ಕಟ್ಟಿಸ್ತೀನಿ ಅಂದ್ನಾ?" ಎದುರಿಗಿದ್ದ ಬೂಟಿನ ಪೆಟ್ಟಿಗೆಯನ್ನು ಅವಳು ಒದ್ದಳು. ಬೂಟುಗಳು ನೆಲದ ತುಂಬ ಚೆಲ್ಲಾಡಿದವು. "ಸಿರಿಲ್ ನಲವತ್ತು ವರ್ಷ ಕೂಡಿಟ್ಟಿದ್ದ. ಪ್ರತಿ ಪಂದ್ಯ, ಪ್ರತಿ ಹುಡುಗನ ಹೆಸರು. ನಮ್ಮಪ್ಪ ಪೆನಾಲ್ಟಿ ಹಿಡಿದ ಒಂದೇ ಒಂದು ಫೋಟೋ ಅಲ್ಲಿತ್ತು. ಎಲ್ಲಾ ಸುಟ್ಟು ಕರಕಲಾಯ್ತು. ಆ ಮುದುಕ ಕೊಳವೇಲಿ ಉಸಿರಾಡ್ತಿದ್ದಾನೆ. ನೀನಿಲ್ಲಿ ಬೂಟು ಕೆರೀತಾ ಕೂತಿದ್ದೀಯ."

"ಬೆಂಕಿ ನಾನಿಡಲಿಲ್ಲ ಬೆರಿಲ್."

"ಮತ್ತೆ ಯಾರು?"

"ಸಿರಿಲ್."

ಬೆರಿಲ್ ನಕ್ಕಳು. ಸಂತೋಷದ ನಗು ಅಲ್ಲ ಅದು. "ಮಾತಾಡಲಾಗದವನ ಮೇಲೆ ಹೇರ್ತಿದ್ದೀಯ. ಬಲು ಚೆನ್ನಾಗಿದೆ."

"ಕೂತ್ಕೋ."

"ಕೂರಲ್ಲ. ಹೇಳು."

"ಮಧ್ಯಂತರ ಆದ್ಮೇಲೆ ಅವನಿಗೆ ಚಹಾ ತಗೊಂಡು ಹೋದೆ. ನೆಲದ ಮೇಲೆ ಕೂತಿದ್ದ. 1921ರ ಟೀಮಿನ ಫೋಟೋ ಇತ್ತಲ್ಲ, ಅದರ ಚೌಕಟ್ಟು ಬಿಚ್ಚಿದ್ದ. ಹಿಂದುಗಡೆ ಅಂಟಿಸಿದ್ರು ಆ ಪತ್ರಾನ. ಎದುರಿಗೆ ಕಸದ ಡಬ್ಬ, ಡಬ್ಬದಲ್ಲಿ ಬೆಂಕಿ. ಅಳ್ತಿದ್ದ. ನಾನು ಕೈ ಹಾಕಿ ಕಿತ್ಕೊಂಡೆ. ಅವನು ಎಳೆದ. ಎಳೆದಾಟದಲ್ಲಿ ಡಬ್ಬ ಉರುಳಿ ಹಳೇ ಪೇಪರ್ ಪೆಟ್ಟಿಗೆಗೆ ತಾಗ್ತು. ಆಮೇಲೆ..." ನಾರ್ಮನ್ ಬಲಗೈ ಬಿಚ್ಚಿ ತೋರಿಸಿದ. ಅಂಗೈ ತುಂಬ ಬೊಬ್ಬೆ, ಕೆಲವು ಒಡೆದಿದ್ದವು. "ಎಳೆದು ಮೆಟ್ಟಿಲಿಗೆ ತಂದೆ. ಕೂಗಿದೆ. ಮೆಟ್ಟಿಲು ಸ್ಟ್ಯಾಂಡಿನ ಹಿಂಬದಿ, ಐವಿ ಗೂಡಿಗೆ ಕೇಳಿಸಲ್ಲ. ಒಬ್ಬರೂ ಬರಲಿಲ್ಲ. ಯಾಕೆ ಬರಲಿಲ್ಲ ಅಂತ ಈಗ ತಿಳೀತು. ಓಡಿ ಹೋಗಿ ಫೋನ್ ಮಾಡ್ದೆ."

"ಹಾಗಿದ್ರೆ ಯಾಕೆ ಬಾಯಿ ಮುಚ್ಕೊಂಡಿದ್ದೆ?"

"ಮಾತು ತಗೊಂಡ. ಹೊಗೆಯಲ್ಲಿ ಕೆಮ್ತಾ ಕೆಮ್ತಾ ನನ್ನ ಕೈ ಹಿಡ್ಕೊಂಡು ಮಾತು ತಗೊಂಡ. ಬೆರಿಲ್‌ಗೆ ಗೊತ್ತಾಗಬಾರದು ಅಂದ."

"ನನಗಾ? ನನಗೇನು ಗೊತ್ತಾಗಬಾರದು?"

ನಾರ್ಮನ್ ಎದ್ದು ಕೋಟಿನ ಒಳಜೇಬಿನಿಂದ ಎಣ್ಣೆ ಕಾಗದದಲ್ಲಿ ಸುತ್ತಿದ್ದ ಹಾಳೆ ತೆಗೆದು ಅವಳಿಗೆ ಕೊಟ್ಟ. ಒಂದು ಮೂಲೆ ಸುಟ್ಟಿತ್ತು. ಉಳಿದದ್ದೆಲ್ಲ ಸ್ಪಷ್ಟವಾಗಿತ್ತು, ಹೆಸ್ಟರ್ ಗಾರ್ಸೈಡಳ ಅಕ್ಷರ ಒತ್ತಿ ಬರೆದದ್ದು.

"ನನ್ನ ಮಗ ಎಡ್ಮಂಡನಿಗೆ ಗೋರಿ ಇಲ್ಲ. ಯುದ್ಧದ ಕೆಸರಿನಲ್ಲಿ ಅವನ ಮೈ ಸಿಗಲಿಲ್ಲ. ಈಗ ಈ ಊರಿನಲ್ಲಿ ಎತ್ತ ತಿರುಗಿದರೂ ಸತ್ತವರ ಕಲ್ಲುಗಳು, ಅವುಗಳ ಮುಂದೆ ನಿಂತು ಭಾಷಣ ಮಾಡುವ ದೊಡ್ಡವರು. ನನಗೆ ಸಾಕಾಗಿದೆ. ಅವನು ಚೆಂಡಾಡಿದ ಈ ಹೊಲ ಬದುಕಿರುವ ಹುಡುಗರಿಗೆ ಇರಲಿ. ಟೌನಿನವರು ಆಡುವ ತನಕ ಇದು ಅವರದು, ಯಾರೂ ಮಾರುವಂತಿಲ್ಲ. ಆದರೆ ಇಲ್ಲಿ ಸ್ಮಾರಕ ಏಳಕೂಡದು. ಯಾವ ಸತ್ತವರ ಅವಶೇಷವನ್ನೂ, ಒಂದು ಹಿಡಿಯಷ್ಟನ್ನೂ, ಈ ನೆಲದಲ್ಲಿ ಹೂಳಕೂಡದು. ಹೂಳಿದ ದಿನ ಹೊಲ ನನ್ನ ವಂಶಕ್ಕೆ ಮರಳುತ್ತದೆ."

ಬೆರಿಲ್ ಪೀಠದ ಮೇಲೆ ಕೂತಳು. ಕೂತದ್ದು ಅವಳಿಗೇ ತಿಳಿಯಲಿಲ್ಲ.

ಅಪ್ಪ ಸತ್ತ ವರ್ಷ ಅವಳು ನಲವತ್ತು ಮುಟ್ಟಿದ್ದಳು. ಗೋಲಿನ ಬಾಯಲ್ಲಿ ಇಡಬೇಕೆಂದು ಹಟ ಹಿಡಿದವಳು ಅವಳೇ. ಕಮಿಟಿಯವರು ಬೇಡವೆಂದಾಗ ಗಲಾಟೆ ಮಾಡಿ ಒಪ್ಪಿಸಿದವಳು ಅವಳೇ. ಒಬ್ಬರಿಗೆ ಕೊಟ್ಟ ಮೇಲೆ ಇನ್ನೊಬ್ಬರಿಗೆ ಇಲ್ಲವೆನ್ನಲಾಗದೆ ನಲವತ್ತೊಂದಾಯಿತು. ಇವಳಿಂದ ಶುರುವಾದದ್ದು.

"ಸಿರಿಲ್ ಶುಕ್ರವಾರ ಪತ್ರದ ಸುಳಿವು ಸಿಕ್ತು ಅಂತ ಕುಣಿದಿದ್ದ," ಎಂದ ನಾರ್ಮನ್. "ಶನಿವಾರ ಓದಿದ. ಓದಿದ ಮೇಲೆ ಅವನಿಗೆ ಇದ್ದದ್ದು ಒಂದೇ ದಾರಿ. ಮೈದಾನಾನೂ ಉಳೀಬೇಕು, ನೀನೂ ಉಳೀಬೇಕು."

"ನೀನ್ಯಾಕೆ ಸುಡಲಿಲ್ಲ ಹಾಗಾದ್ರೆ?"

"ಮನೆಗೆ ಹೋಗಿ ಓದಿದ್ಮೇಲೆ ಒಲೆ ಮುಂದೆ ಕೂತೆ. ಕೈ ಬರಲಿಲ್ಲ. ಯಾರೂ ಮಾರುವಂತಿಲ್ಲ ಅಂತ ಬರೆದಿರೋದೂ ಇದೇ ಹಾಳೇಲಿ ಅಲ್ವಾ?"

ಬೆರಿಲ್ ಮತ್ತೆ ಹಾಳೆಗೆ ಕಣ್ಣು ಹಾಯಿಸಿದಳು. ಸಹಿಯ ಕೆಳಗೆ, ಸುಟ್ಟ ಮೂಲೆಗೆ ತಾಗಿಕೊಂಡು, ಇನ್ನೊಂದು ಸಣ್ಣ ಸಾಲಿತ್ತು. "ಈ ಪತ್ರಕ್ಕೆ ಎರಡು ಪ್ರತಿ. ಒಂದು ಕ್ಲಬ್ಬಿಗೆ, ಒಂದು ನನ್ನ ಮನೆಯ ಪೆಟ್ಟಿಗೆಗೆ."

ಅವಳ ಕಿವಿಯಲ್ಲಿ ಬೆಳಗಿನ ಮಾತು ಒಂದೊಂದೇ ಕೇಳಿಸಿತು. ತಾರೀಖೆಲ್ಲ ಬರೆದಿದ್ದೀರಾ. ಮೊದಲನೆಯವರು. ಚೆಲ್ಲಿದ್ರಾ, ಹೂತಿದ್ರಾ.

"ಅವನ ಹತ್ರ ಇದೆ," ಎಂದಳು. "ಇನ್ನೊಂದು ಪ್ರತಿ ಅವನ ಹತ್ರ ಇದೆ. ಇಲ್ಲದೇ ಇದ್ದಿದ್ದು ಸಾಕ್ಷಿ. ಅದನ್ನ ಇವತ್ತು ಬೆಳಗ್ಗೆ ನಾನೇ ಹೋಗಿ ಮೇಜಿನ ಮೇಲೆ ಕುಕ್ಕಿ ಬಂದೆ."

ನಾರ್ಮನ್‌ನ ಮುಖ ಬಿಳಿಚಿಕೊಂಡಿತು. "ಬೂದಿ ಪುಸ್ತಕಾನಾ?"

"ಹೌದು, ಬೂದಿ ಪುಸ್ತಕ. ಪುಟಪುಟಕ್ಕೂ ನನ್ನ ಸಹಿ ಇರೋ ಪುಸ್ತಕ." ಅವಳು ಎದ್ದಳು. "ನೀವಿಬ್ಬರು ಮುದುಕರು ಸೇರಿ ನನಗೆ ನೋವಾಗುತ್ತೆ ಅಂತ ಮುಚ್ಚಿಟ್ರಿ. ನಾನೇನು ಹಾಲು ಕುಡಿಯೋ ಮಗುವಾ? ಇಪ್ಪತ್ತೆಂಟು ವರ್ಷ ಹೆಣ ನೋಡಿದ್ದೀನಿ. ಒಂದು ಮಾತು, ಒಂದೇ ಒಂದು ಮಾತು ಹೇಳಿದ್ರೆ ಆ ಪುಸ್ತಕ ನನ್ನ ಬೀರುವಿನಲ್ಲೇ ಇರ್ತಿತ್ತು. ನನ್ನನ್ನ ಕಾಪಾಡೋಕೆ ಹೋಗಿ ನನ್ನ ಕೈಯಲ್ಲೇ ಕ್ಲಬ್ಬಿನ ಕತ್ತು ಕುಯ್ಸಿದ್ರಲ್ಲ."

ಸಿಟ್ಟಿನ ಭರದಲ್ಲಿ ಅವಳು ಜೆರ್ಸಿಗಳ ಹಲಗೆಗೆ ಅಂಗೈಯಿಂದ ಬಡಿದಳು. ಒಂದನೇ ನಂಬರಿನ ಜೆರ್ಸಿ ಜಾರತೊಡಗಿತು. ನಾರ್ಮನ್ ಬೊಬ್ಬೆ ಎದ್ದ ಕೈಯಲ್ಲೇ ಧಾವಿಸಿ ಅದನ್ನು ಒಳಕ್ಕೆ ತಳ್ಳಿ ಅದರ ಮುಂದೆ ನಿಂತುಬಿಟ್ಟ.

ಬೇರೆ ದಿನವಾಗಿದ್ದರೆ ಹಳೇ ಸಾರ್ಜೆಂಟಿನ ಕಣ್ಣಿಗೆ ಅದು ತಪ್ಪುತ್ತಿರಲಿಲ್ಲ. ಇವತ್ತು ಅವಳಾಗಲೇ ಬಾಗಿಲು ದಾಟಿದ್ದಳು.

*

ಹನ್ನೆರಡಕ್ಕೆ ಐದು ನಿಮಿಷವಿತ್ತು. ಕೋಣೆ ತುಂಬಿ, ಕುರ್ಚಿ ಸಿಗದವರು ಬಾರಿನ ಕಟ್ಟೆಗೆ ಒರಗಿದ್ದರು. ಎಲ್ಲರ ಕತ್ತಿನಲ್ಲೂ ಟೌನಿನ ನೀಲಿ ಸ್ಕಾರ್ಫು. ಮುಂದಿನ ಸಾಲಿನಲ್ಲಿ ಐವಿ, ಏಪ್ರನ್ ಬಿಚ್ಚದೆ ಬಂದು ಕೂತಿದ್ದಳು. ಕಿಟಕಿಯಾಚೆ ಕಾಲುವೆ ತುದಿಯ ಗೋಲಿನ ಕಂಬಗಳು ಕಾಣುತ್ತಿದ್ದವು.

ಬೆರಿಲ್ ಜನರನ್ನು ಸರಿಸುತ್ತ ಮೇಜಿನ ತನಕ ಹೋದಳು. "ನನ್ನ ಪುಸ್ತಕ ಕೊಡಿ."

"ಸಭೆ ಆದ ಮೇಲೆ," ಎಂದ ಗಾರ್ಸೈಡ್. ಪುಸ್ತಕದ ಪಕ್ಕದಲ್ಲಿ ಹಳದಿಗಟ್ಟಿದ ಹಾಳೆಯೊಂದಿತ್ತು. ಇದರ ಮೂಲೆ ಸುಟ್ಟಿರಲಿಲ್ಲ.

ಅವನು ಎದ್ದು ನಿಂತು ಗಂಟಲು ಸರಿಮಾಡಿಕೊಂಡ. "ಗೆಳೆಯರೇ, ಇವತ್ತು ಮತಕ್ಕೆ ಹಾಕೋ ಅಗತ್ಯ ಇಲ್ಲ. ಮತ ಹಾಕಿದ್ದರೆ ನಿಮಗೆ ಬೇರೆ ಕಡೆ ಒಂದು ಮೈದಾನವಾದರೂ ಸಿಗ್ತಿತ್ತು. ನನ್ನ ಮುತ್ತಜ್ಜಿ ಬರೆದದ್ದು ಬೇರೆ ಥರ ಇದೆ." ಅವನು ಪತ್ರವನ್ನು ಪೂರ್ತಿ ಓದಿದ. ಆತುರಪಡದೆ, ಒಂದು ಪದ ಬಿಡದೆ ಓದಿದ.

ಕೋಣೆಯಲ್ಲಿ ಮೊದಲು ಯಾರಿಗೂ ಅರ್ಥವಾಗಲಿಲ್ಲ. ಆಮೇಲೆ ಐವಿಗೆ ಅರ್ಥವಾಯಿತು. ಅವಳು ಕಿಟಕಿಯ ಕಡೆ ತಿರುಗಿ ಏಪ್ರನ್ನಿನ ಅಂಚನ್ನು ಬಾಯಿಗೆ ಒತ್ತಿಕೊಂಡಳು.

"ಹೂತಿದ್ದಾರೆ ಅಂತ ಈ ಪುಸ್ತಕ ಹೇಳುತ್ತೆ. ಬರೀ ಪುಸ್ತಕ ಸಾಲದು ಅಂತ ನನ್ನ ವಕೀಲರು ಹೇಳಿದ್ರು. ಅದಕ್ಕೆ ಬರೆದವರ ಬಾಯಿಂದಲೇ, ನಿಮ್ಮೆಲ್ಲರ ಎದುರು ಕೇಳ್ತೀನಿ. ಬೆರಿಲ್ ಅವರೇ, ನಿಮ್ಮ ತಂದೆಯನ್ನ ಕಾಲುವೆ ತುದೀಲಿ ಹೂತಿದ್ದೀರಾ ಇಲ್ವಾ? ಹೌದು ಅಂದ್ರೆ ವಿಷಯ ಮುಗೀತು. ಇಲ್ಲ ಅಂದ್ರೆ ನಾಳೆ ಬೆಳಗ್ಗೆ ಒಂಬತ್ತಕ್ಕೆ ಎಲ್ಲರ ಮುಂದೆ ಅಗೆಸ್ತೀನಿ. ಟಾಫಿ ಡಬ್ಬಿ ಅಂದ್ರಲ್ಲ. ತಗಡು ಮಣ್ಣಲ್ಲಿ ಅಷ್ಟು ಬೇಗ ಕರಗಲ್ಲ."

ಬೆಳಗ್ಗೆ ಕುರ್ಚಿ ಜೋಡಿಸುತ್ತಿದ್ದವರು ನೆಲ ನೋಡಿದರು.

ಇಲ್ಲ ಎಂದುಬಿಡಬಹುದಿತ್ತು. ಅಪ್ಪ ಅಲ್ಲಿಲ್ಲ, ಸ್ಟಾನ್ಲಿ ಅಲ್ಲಿಲ್ಲ, ನಲವತ್ತೊಂದು ಜನರಲ್ಲಿ ಒಬ್ಬರೂ ಇಲ್ಲ ಎಂದು ಐವಿಯ ಮುಖ ನೋಡಿಕೊಂಡೇ ಹೇಳಬಹುದಿತ್ತು. ಹೇಳಿದರೂ ಆ ಡಬ್ಬಿ ನಾಳೆ ಸಲಿಕೆಗೆ ಟಣ್ ಎನ್ನುತ್ತದೆ. ಬೆರಿಲ್ ಮುಷ್ಟಿ ಬಿಗಿದಳು. ಇಂಥ ಸಿಟ್ಟು ಅವಳಿಗೆ ಜೀವಮಾನದಲ್ಲಿ ಬಂದಿರಲಿಲ್ಲ: ಈ ಗಾರ್ಸೈಡ್ ಮೇಲೆ, ಸತ್ತ ಆ ಯಜಮಾನತಿ ಮೇಲೆ, ಎಲ್ಲರಿಗಿಂತ ಹೆಚ್ಚು ತನ್ನ ಬಾಯಿಯ ಮೇಲೆ. ಸರಿ, ನಿಜವನ್ನೇ ಹೇಳುತ್ತೇನೆ, ಅಪ್ಪನನ್ನು ಇಲ್ಲವೆನ್ನಲಾರೆ ಎಂದು ಉಸಿರು ತೆಗೆದುಕೊಂಡಳು.

ಅಷ್ಟರಲ್ಲಿ ಯಾರೋ ಹಿಂದಿನಿಂದ ಅವಳ ಮೊಣಕೈ ಹಿಡಿದರು. ಬೊಬ್ಬೆ ಎದ್ದ ಒರಟು ಅಂಗೈ. ಏದುಸಿರು ಬಿಡುತ್ತಿದ್ದ ನಾರ್ಮನ್ ಅವಳ ಕಿವಿಗೆ ಬಗ್ಗಿದ.

"ಇಲ್ಲ ಅನ್ನು ಮಗಳೇ. ಅಗೆಯಲಿ. ಏನೂ ಸಿಗಲ್ಲ."

"ಅಂದ್ರೆ?"

"ಸೋಮವಾರವೇ ನಾನು ಅರ್ನೆಸ್ಟ್‌ನನ್ನ ಅಲ್ಲಿಂದ ತೆಗೆದೆ. ಕಿಟ್ ಕೋಣೇಲಿದ್ದಾನೆ, ಒಂದನೇ ನಂಬರ್ ಜೆರ್ಸಿ ಹಿಂದೆ."

ಬೆರಿಲ್ ತಿರುಗಿ ಅವನ ಮುಖ ನೋಡಿದಳು. ತನಗೊಂದು ಮಾತು ಹೇಳದೆ, ಕೇಳದೆ, ಅಪ್ಪನನ್ನು ಅಗೆದು ತೆಗೆದವನ ಮುಖ. ಹೊಡೆಯಲು ಎದ್ದ ಕೈ ಅರ್ಧದಲ್ಲಿ ನಿಂತಿತು.

"ಬೆರಿಲ್ ಅವರೇ," ಎಂದ ಗಾರ್ಸೈಡ್. "ಹೌದೋ, ಇಲ್ವೋ?"